ಬಿಸಿ ರೊಟ್ಟಿ ಯಾರ ಪಾಲು

ಮೇ ತಿಂಗಳ ಎರಡನೇ ಭಾನುವಾರ, ಅಂದರೆ ತಾಯಂದಿರ ದಿನ, ಬೀದರಿನ ನಮ್ಮ ಚರ್ಚಿನಲ್ಲಿ ಯಾವ ಅಧ್ಯಾಯ ಓದುತ್ತಾರೆ ಅಂತ ಯಾರೂ ಕೇಳಬೇಕಾಗಿಲ್ಲ. ಸತ್ಯವೇದದ ಜ್ಞಾನೋಕ್ತಿಗಳು 31. ಹೊರಗೆ ಬಿಸಿಲು ಧಗಧಗ ಅನ್ನುತ್ತಿರುತ್ತದೆ, ಒಳಗೆ ಫ್ಯಾನಿನ ಗಾಳಿಯೂ ಬಿಸಿ. ಗುಣವತಿಯಾದ ಹೆಂಡತಿ ಇನ್ನೂ ಕತ್ತಲಿರುವಾಗಲೇ ಏಳುತ್ತಾಳೆ, ರಾತ್ರಿಯೂ ಅವಳ ದೀಪ ಆರುವುದಿಲ್ಲ ಅಂತ ಪಾಸ್ಟರು ಓದುತ್ತಾರೆ. ನಸುಕಿನಲ್ಲೇ ಎದ್ದು ಎಲ್ಲ ಕೆಲಸ ಮುಗಿಸಿ ಬಂದ ಹೆಂಗಸರು ಜಮಖಾನದ ಮೇಲೆ ತೂಕಡಿಸುತ್ತಾ ಆಮೆನ್ ಅನ್ನುತ್ತಾರೆ. ಆಮೇಲೆ ತಾಯಂದಿರಿಗೆಲ್ಲ ಒಂದೊಂದು ಗುಲಾಬಿ. ಆಮೇಲೆ ಊಟ. ಆ ಊಟಕ್ಕೆ ಹಿಂದಿನ ರಾತ್ರಿ ಕೂತು ಉಳ್ಳಾಗಡ್ಡಿ ಹೆಚ್ಚಿದವರು ಯಾರು ಅಂತ ನಾನು ಬರೆಯಲ್ಲ. ನಿಮಗೆ ಗೊತ್ತು.

ನನಗೆ ಈ ದಿನದ ಮೇಲೆ ಸಿಟ್ಟೇನಿಲ್ಲ. ಹೂ ಕೊಟ್ಟರೆ ಮುಡಿದುಕೊಳ್ಳುತ್ತೇನೆ. ತಾಯಂದಿರ ದಿನ ಹುಟ್ಟಿದ್ದೂ ನಮ್ಮ ಮೆಥೋಡಿಸ್ಟ್ ಪಂಗಡದ ಚರ್ಚಿನಲ್ಲೇ. 1908ರ ಮೇ 10ರಂದು, ಅಮೆರಿಕದ ವೆಸ್ಟ್ ವರ್ಜೀನಿಯಾದ ಗ್ರಾಫ್ಟನ್ ಅನ್ನುವ ಊರಿನಲ್ಲಿ. ಆನಾ ಜಾರ್ವಿಸ್ ಅನ್ನುವ ಮಗಳು ತೀರಿಹೋದ ತನ್ನ ತಾಯಿಯ ನೆನಪಿಗೆ ಒಂದು ಆರಾಧನೆ ಇಡಿಸಿದಳು, ಐನೂರು ಬಿಳಿ ಹೂ ಕಳಿಸಿಕೊಟ್ಟಳು. 1914ರಲ್ಲಿ ಅದು ಇಡೀ ಅಮೆರಿಕದ ಹಬ್ಬವಾಯಿತು. ಆದರೆ ನನಗೆ ಮಗಳಿಗಿಂತ ತಾಯಿಯ ಕಥೆ ಹೆಚ್ಚು ಹಿಡಿಸುತ್ತದೆ. ಆನ್ ಜಾರ್ವಿಸ್ ಅದೇ ಚರ್ಚಿನ ಸಂಡೇ ಸ್ಕೂಲ್ ಟೀಚರ್. ಹೆತ್ತ ಮಕ್ಕಳಲ್ಲಿ ಹೆಚ್ಚಿನವರನ್ನು ಮಣ್ಣಿಗಿಟ್ಟವಳು. 1850ರ ದಶಕದಲ್ಲಿ ಸುತ್ತಲಿನ ಊರುಗಳ ಹೆಂಗಸರನ್ನು ಸೇರಿಸಿ ಸಂಘ ಕಟ್ಟಿದಳು. ಕುಡಿಯುವ ನೀರು, ಹಾಲು ಸ್ವಚ್ಛ ಇದೆಯಾ ನೋಡುವುದು, ಔಷಧಿಗೆ ದುಡ್ಡು ಕೂಡಿಸುವುದು ಅವರ ಕೆಲಸ. ಯಾವ ಮನೆಯಲ್ಲಿ ತಾಯಿಗೆ ಕ್ಷಯ ಬಂದು ಮಲಗಿದ್ದಾಳೋ ಆ ಮನೆಗೆ ಕೆಲಸ ಮಾಡಲು ಬೇರೆ ಹೆಂಗಸರನ್ನು ಗೊತ್ತುಮಾಡಿ ಕಳಿಸುವುದೂ ಅವರದೇ.

ಅಂದರೆ ಈ ಹಬ್ಬದ ಬೇರಿನಲ್ಲಿ ಹೂ ಇಲ್ಲ. ಸೋತ ತಾಯಿಯ ಕೆಲಸಕ್ಕೆ ಇನ್ನೊಂದು ಜೋಡಿ ಕೈ ಕಳಿಸುವುದು ಇದೆ. ಹೂ ಮತ್ತು ಕಾರ್ಡಿನ ವ್ಯಾಪಾರ ಶುರುವಾದ ಮೇಲೆ ಮಗಳು ಆನಾ ತಾನೇ ಹುಟ್ಟಿಸಿದ ಹಬ್ಬದ ಮೇಲೆ ತಿರುಗಿಬಿದ್ದು ವರ್ಷಗಟ್ಟಲೆ ಜಗಳ ಕಾದಳು. ಪಾಪ, ಗೆಲ್ಲಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅಂದರೆ, ಕ್ರೈಸ್ತ ತಾಯಿಯಾಗಿ ಮನೆ ನಡೆಸುವುದರ ಬಗ್ಗೆ ನಮ್ಮಲ್ಲಿ ಹೊಗಳಿಕೆ ಜಾಸ್ತಿ, ಲೆಕ್ಕ ಕಡಿಮೆ. ವಾಟ್ಸಾಪ್ ಗುಂಪಿನಲ್ಲಿ ದಿನಾ ಒಂದು ಚಿತ್ರ ಬರುತ್ತದೆ. ಹೊಗೆಯಾಡುವ ಒಲೆ, ಪಕ್ಕದಲ್ಲಿ ತೆರೆದಿಟ್ಟ ಸತ್ಯವೇದ, ಕೆಳಗೆ "ಅಡುಗೆಮನೆಯೇ ನನ್ನ ದೇವಾಲಯ". ನಾನೂ ಕೈಮುಗಿದ ಚಿಹ್ನೆ ಹಾಕುತ್ತೇನೆ. ಒಲೆ ಪಕ್ಕ ಸತ್ಯವೇದ ಇಟ್ಟರೆ ಎಣ್ಣೆ ಸಿಡಿಯುತ್ತೆ ಅಂತ ಯಾರಿಗೂ ಹೇಳಲು ಹೋಗಲ್ಲ.

ನಮ್ಮ ಫ್ರಿಜ್ಜಿನ ಮೇಲೆ ಕೊಲೊಸ್ಸೆ 3:23ರ ಸ್ಟಿಕ್ಕರ್ ಇದೆ. ಯಾವ ಕೆಲಸ ಮಾಡಿದರೂ ಮನುಷ್ಯರಿಗೆ ಅಂತ ಮಾಡಬೇಡಿ, ಕರ್ತನಿಗೆ ಅಂತ ಮನಸ್ಸಿಟ್ಟು ಮಾಡಿ. ಒಳ್ಳೆಯ ಮಾತು. ಬಾಂಡೆ ತಿಕ್ಕುವಾಗ ಎಷ್ಟೋ ಸಲ ಅದೇ ನನ್ನನ್ನು ನಿಲ್ಲಿಸಿದೆ. ಆದರೆ ಆ ಮಾತು ಅಪೊಸ್ತಲ ಪೌಲ ಕೊಲೊಸ್ಸೆ ಊರಿನ ಸಭೆಗೆ ಬರೆದ ಪತ್ರದಲ್ಲಿ ಹೇಳಿದ್ದು ದಾಸರಿಗೆ. ಹಿಂದಿನ ವಚನ ನೋಡಿದರೆ ಗೊತ್ತಾಗುತ್ತದೆ. ಅಲ್ಲಿಗೇ ನಿಲ್ಲಿಸದೆ ಮುಂದಿನ ಅಧ್ಯಾಯದ ಮೊದಲನೇ ವಚನದಲ್ಲೇ ಯಜಮಾನರ ಕಡೆ ತಿರುಗುತ್ತಾನೆ. ನಿಮ್ಮ ದಾಸರಿಗೆ ನ್ಯಾಯವಾದದ್ದನ್ನು ಕೊಡಿ, ನಿಮಗೂ ಮೇಲೊಬ್ಬ ಯಜಮಾನ ಇದ್ದಾನೆ ಅನ್ನುತ್ತಾನೆ. 3:23 ಸ್ಟಿಕ್ಕರ್ ಪ್ರತಿ ಕ್ರೈಸ್ತ ಪುಸ್ತಕದಂಗಡಿಯಲ್ಲೂ ಸಿಗುತ್ತದೆ. 4:1ರ ಸ್ಟಿಕ್ಕರ್ ನಾನಂತೂ ನೋಡಿಲ್ಲ.

ಜ್ಞಾನೋಕ್ತಿ 31ರದೂ ಹೀಗೇ. ನಮ್ಮಲ್ಲಿ ಅದನ್ನು ಹತ್ತನೇ ವಚನದಿಂದ ಓದುವುದು ರೂಢಿ. ಒಂದನೆಯದರಿಂದ ಓದಿ ನೋಡಿ. ಇದು ಲೆಮೂವೇಲ ಅನ್ನುವ ರಾಜನಿಗೆ ಅವನ ತಾಯಿ ಕಲಿಸಿದ ಮಾತು ಅಂತ ಶುರುವಾಗುತ್ತದೆ. ತಾಯಿಯೊಬ್ಬಳು ಬೆಳೆದ ಮಗನನ್ನು ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದಾಳೆ. ಕುಡಿತ ಬೇಡಪ್ಪ, ಬಾಯಿಲ್ಲದವರ ಪರವಾಗಿ ಬಾಯಿ ತೆಗಿ, ಬಡವರಿಗೆ ನ್ಯಾಯ ಕೊಡು. ಅದಾದ ಮೇಲೆ ಹೆಂಡತಿಯ ಮಾತು ಬರುತ್ತದೆ. ಆ ಭಾಗ 22 ವಚನ, ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಿಂದ ಒಂದೊಂದಾಗಿ ಶುರುವಾಗುವ ಪದ್ಯ. ಬಾಯಿಪಾಠಕ್ಕೆ ಅನುಕೂಲ. ಈಗಲೂ ಎಷ್ಟೋ ಯೆಹೂದಿ ಮನೆಗಳಲ್ಲಿ ಶುಕ್ರವಾರ ಸಂಜೆ ಸಬ್ಬತ್ತಿನ ಊಟಕ್ಕೆ ಮುಂಚೆ ಗಂಡ ಇದನ್ನು ಹೆಂಡತಿಯ ಎದುರು ಹಾಡುತ್ತಾನೆ. ಹೆಂಗಸರ ಕೈಗೆ ಕೊಡುವ ಕೆಲಸದ ಪಟ್ಟಿ ಅಲ್ಲ, ಗಂಡಸರ ಬಾಯಿಗೆ ಕೊಟ್ಟ ಪಾಠ.

ಇನ್ನೊಂದು ಮಾತು. ಆ ಹೆಂಗಸಿಗೆ ಮನೆಯಲ್ಲಿ ಕೆಲಸದವರಿದ್ದರು, 15ನೇ ವಚನದಲ್ಲಿದೆ. ಹೊಲ ನೋಡಿ, ಯೋಚನೆ ಮಾಡಿ, ತಾನೇ ಕೊಳ್ಳುತ್ತಿದ್ದಳು. ತಾನು ದುಡಿದದ್ದರಿಂದ ದ್ರಾಕ್ಷಿ ತೋಟ ಹಾಕುತ್ತಿದ್ದಳು. ಕೊನೆಯ ವಚನದಲ್ಲಿ ಅವಳ ಕೈಕೆಲಸದ ಫಲ ಅವಳಿಗೇ ಕೊಡಿ ಅಂತ ಬರೆದಿದೆ. ಗುಲಾಬಿ ಕೊಡಿ ಅಂತ ಇಲ್ಲ.

ಈಗ ರೊಟ್ಟಿಯ ವಿಷಯಕ್ಕೆ ಬರುತ್ತೇನೆ.

ಜೋಳದ ರೊಟ್ಟಿ ಮಾಡುವವರಿಗೆ ನಾನೇನು ಹೇಳಬೇಕಾಗಿಲ್ಲ. ಆದರೆ ಬೆಂಗಳೂರು ಕಡೆಯವರು ಓದುತ್ತಿದ್ದರೆ ಅಂತ ಹೇಳುತ್ತೇನೆ. ಗೋಧಿ ಹಿಟ್ಟಿಗಿರುವ ಅಂಟು ಜೋಳಕ್ಕಿಲ್ಲ. ಅದಕ್ಕೇ ಎಸರು ಕುದಿಸಿ ಹಿಟ್ಟಿಗೆ ಹಾಕಬೇಕು. ಕೈ ಸುಡುವಷ್ಟು ಬಿಸಿ ಇರುವಾಗಲೇ ಪರಾತದಲ್ಲಿ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಬೇಕು. ಹಿಟ್ಟು ಬೀಸಿಸಿ ಬಹಳ ದಿನ ಆಗಿದ್ದರೆ ಜಿಗಿ ಹೋಗಿರುತ್ತದೆ, ಎಷ್ಟು ನಾದಿದರೂ ಅಂಚು ಒಡೆಯುತ್ತದೆ. ಉಂಡೆ ಕಟ್ಟಿ, ಒಣಹಿಟ್ಟು ಉದುರಿಸಿ, ಒಂದು ಕೈ ಬಡಿಯುತ್ತಾ ಇನ್ನೊಂದು ಕೈ ತಿರುಗಿಸುತ್ತಾ ಹೋಗಬೇಕು. ಹಂಚಿಗೆ ಹಾಕಿದ ತಕ್ಷಣ ಒದ್ದೆ ಅರಿವೆಯಿಂದ ಮೇಲೆಲ್ಲ ನೀರು ಸವರಬೇಕು. ನೀರು ಇಂಗುವ ಹೊತ್ತಿಗೆ ಸರಿಯಾಗಿ ತಿರುವಬೇಕು. ಮುಂಚೆ ತಿರುವಿದರೆ ಹಂಚಿಗೆ ಅಂಟುತ್ತದೆ, ತಡವಾದರೆ ಬಿರಿಯುತ್ತದೆ. ಅಷ್ಟರಲ್ಲಿ ಮುಂದಿನ ಉಂಡೆ ಪರಾತದಲ್ಲಿ ಅರ್ಧ ಅಗಲ ಆಗಿರಬೇಕು. ನಡುವೆ ಫೋನು ಬಂದರೆ, ಮಗು ಬಿದ್ದರೆ, ಒಂದು ರೊಟ್ಟಿ ಹೋಯಿತು ಅಂತಲೇ ಲೆಕ್ಕ.

ಹೀಗೆ ಬಡಿದ ರೊಟ್ಟಿ ಹಂಚಿನಿಂದ ನೇರ ತಾಟಿಗೆ ಹೋಗಬೇಕು. ಅದೇ ಅದರ ರುಚಿ. ಉಬ್ಬಿದ ರೊಟ್ಟಿಯ ಮೇಲ್ಪದರ ಚುಚ್ಚಿ, ಒಳಗಿನ ಹಬೆ ಹೊರಗೆ ಬಿಟ್ಟು, ಶೇಂಗಾ ಹಿಂಡಿ, ಪುಂಡಿ ಪಲ್ಯದ ಜೊತೆ ತಿನ್ನುವ ಸುಖ ಬೇರೆ. ಆದರೆ ಒಂದು ಯೋಚಿಸಿ. ಎಲ್ಲರಿಗೂ ಬಿಸಿ ರೊಟ್ಟಿ ಸಿಗಬೇಕಾದರೆ ಒಬ್ಬರು ಒಲೆ ಮುಂದೆ ಇರಲೇಬೇಕು. ಆ ಒಬ್ಬರು ಕೊನೆಗೆ ಉಣ್ಣಲೇಬೇಕು. ಇದರಲ್ಲಿ ಯಾರ ಕೆಟ್ಟತನವೂ ಇಲ್ಲ, ಹಂಚು ಮಾಡಿಟ್ಟ ಏರ್ಪಾಡು. ಆದರೆ ಆ ಒಬ್ಬರು ಯಾರು ಅನ್ನುವುದನ್ನು ಹಂಚು ನಿರ್ಧಾರ ಮಾಡಿಲ್ಲ. ಅವಳು ಉಣ್ಣುವ ಹೊತ್ತಿಗೆ ಪಲ್ಯದ ಪಾತ್ರೆ ಕೆರೆಯಬೇಕಾಗಿರುತ್ತದೆ.

ನಮ್ಮ ಅಜ್ಜಿ ಹೇಳುತ್ತಿದ್ದ ಒಂದು ಮಾತು ಇಲ್ಲಿ ಹೇಳಬೇಕು. ನಮ್ಮ ಮುತ್ತಜ್ಜ ನಿಜಾಮರ ಕಾಲದಲ್ಲಿ ಕ್ರೈಸ್ತನಾದವನು. ಈ ಭಾಗದ ಬಹುಪಾಲು ಮೆಥೋಡಿಸ್ಟ್ ಕುಟುಂಬಗಳ ಹಾಗೆ ನಾವೂ ಊರ ಹೊರಗಿನ ಕೇರಿಯಿಂದ ಬಂದವರು. ಅಮೆರಿಕದ ಮಿಷನರಿಗಳು ಬಂದು ಶಾಲೆ ತೆಗೆದರು, ದವಾಖಾನೆ ತೆಗೆದರು. ಅಜ್ಜಿಗೆ ನೆನಪಿದ್ದದ್ದು ಅದಲ್ಲ, ಪ್ರಭು ಭೋಜನ, ಅಂದರೆ ಯೇಸುವಿನ ನೆನಪಿಗೆ ಚರ್ಚಿನಲ್ಲಿ ರೊಟ್ಟಿ ಮುರಿದು ತಿನ್ನುವ ವಿಧಿ. "ಊರಾಗ ನಮಗ ನೀರು ಮ್ಯಾಲಿಂದ ಸುರೀತಿದ್ರು, ಬೊಗಸಿ ಹಿಡೀಬೇಕಿತ್ತು. ಪ್ರಭು ಭೋಜನದಾಗ ಅಯ್ಯಗೋಳು ತಾವ್ ಮುರದ ರೊಟ್ಟಿ ನನ್ನ ಕೈಯಾಗ ಇಟ್ರು, ಅದೇ ತಾಟಿನಾಗಿಂದ ತಾವೂ ತಿಂದ್ರು" ಅನ್ನುತ್ತಿದ್ದಳು. ಅವಳಿಗೆ ದೇವಶಾಸ್ತ್ರ ಗೊತ್ತಿರಲಿಲ್ಲ. ಒಂದೇ ತಾಟು ಗೊತ್ತಿತ್ತು. ನಮ್ಮ ಜನ ಈ ನಂಬಿಕೆಗೆ ಬಂದದ್ದರಲ್ಲಿ ಆ ತಾಟಿನ ಪಾಲು ದೊಡ್ಡದು ಅಂತ ನಾನು ನಂಬಿದ್ದೇನೆ.

ಅಂಥ ಜನ ಮನೆಗೆ ಬಂದು ಏನು ಮಾಡಿದೆವು? ಗಂಡಸರು ಮೊದಲು, ಮಕ್ಕಳು ಆಮೇಲೆ, ಹೆಂಗಸರು ಕೊನೆಗೆ. ಊರವರು ನಮಗೆ ಹಾಕಿದ ಗೆರೆ ಅಳಿಸಿ ನಾವೇ ಒಲೆ ಮುಂದೆ ಇನ್ನೊಂದು ಗೆರೆ ಎಳೆದುಕೊಂಡೆವು. ನಾವಷ್ಟೇ ಅಲ್ಲ, ಓಣಿಯಲ್ಲಿ ಯಾವ ಧರ್ಮದ ಮನೆಗೆ ಹೋದರೂ ಇದೇ ಪಂಕ್ತಿ. ಆದರೆ ಒಂದೇ ರೊಟ್ಟಿ ಮುರಿದು ತಿನ್ನುತ್ತೇವೆ ಅಂತ ಚರ್ಚಿನಲ್ಲಿ ಹೇಳುವವರು ನಾವು, ಅಲ್ವಾ?

ಪೌಲನಿಗೆ ಈ ಸಮಸ್ಯೆ ಗೊತ್ತಿತ್ತು. ಕ್ರಿ.ಶ. 50ರ ದಶಕದಲ್ಲಿ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರದ 11ನೇ ಅಧ್ಯಾಯದಲ್ಲಿ ಚೆನ್ನಾಗಿ ಬೈದಿದ್ದಾನೆ. ಆಗ ಪ್ರಭು ಭೋಜನ ಅಂದರೆ ಮನೆಗಳಲ್ಲಿ ಸೇರಿ ಮಾಡುವ ನಿಜವಾದ ಊಟ. ಉಳ್ಳವರು ಮೊದಲೇ ಕೂತು ಉಂಡು ಕುಡಿದು ಮತ್ತಾಗುತ್ತಿದ್ದರು, ಇಲ್ಲದವರು ಹಸಿದೇ ಇರುತ್ತಿದ್ದರು. ನೀವು ಮಾಡುತ್ತಿರುವುದು ಕರ್ತನ ಭೋಜನವೇ ಅಲ್ಲ ಅಂತ ಖಡಾಖಂಡಿತ ಹೇಳುತ್ತಾನೆ. ಕೊನೆಗೆ 33ನೇ ವಚನದಲ್ಲಿ, ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಿರಿ. ಎಷ್ಟು ಸಾದಾ ಮಾತು ನೋಡಿ. ಈ ಅಧ್ಯಾಯದ ಬೇರೆ ವಚನಗಳನ್ನು ಪ್ರತಿ ಪ್ರಭು ಭೋಜನದಲ್ಲೂ ಓದುತ್ತಾರೆ. ಇದನ್ನು ಓದಿದ್ದು ನಾನು ಕೇಳಿಲ್ಲ.

ಈ ವಚನ ನಮ್ಮ ಮನೆಯಲ್ಲಿ ಕುಟುಂಬ ಪ್ರಾರ್ಥನೆಯ ಹೊತ್ತಿಗೆ ಬಂತು. ಓದಿದವರು ನಮ್ಮ ಮನೆಯವರೇ. ಓದಿ ಮುಗಿಸಿದ ಮೇಲೆ ನಾನಂದೆ, "ನಾಳಿಂದ ಊಟದ ಪ್ರಾರ್ಥನಿ ನಾ ಬಂದು ಕೂತ ಮ್ಯಾಲೇ ಮಾಡೋಣ್ರಿ."

"ರೊಟ್ಟಿ ಆರ್ತಾವಲ್ಲ?" ಅಂದರು.

"ಆರ್ಲಿ ಬಿಡ್ರಿ."

ಅವರು ಸುಮ್ಮನಾದರು. ಸುಮ್ಮನಾಗದವರು ನಮ್ಮ ಅತ್ತೆ. "ನಿಮಗ ಹಲ್ಲದಾವ, ಆರಿದ್ದೂ ತಿಂತೀರಿ. ನಾ ಏನ್ ಮಾಡ್ಲಿ?" ಮಾತು ಖರೇನೇ ಇತ್ತು. ಜೋಳದ ರೊಟ್ಟಿ ಆರಿದರೆ ಮುದುಕರ ಬಾಯಿಗೆ ಬರುವುದಿಲ್ಲ. ಇಂಥ ಕಡೆಯೇ ನೋಡಿ ವಚನ ಕಷ್ಟ ಆಗುವುದು, ವೇದಿಕೆ ಮೇಲೆ ಅಲ್ಲ. ಎರಡು ಮೂರು ತರಹ ಮಾಡಿ ನೋಡಿದ ಮೇಲೆ ಈಗ ಹೀಗಿದೆ. ರೊಟ್ಟಿ ಬಡಿದು ಅರಿವೆಯಲ್ಲಿ ಸುತ್ತಿ ಬುಟ್ಟಿಯಲ್ಲಿ ಮುಚ್ಚಿಡುತ್ತೇನೆ. ಬಿಸಿ ಇರಲ್ಲ, ಮೆತ್ತಗಿರುತ್ತವೆ. ಅತ್ತೆಯ ರೊಟ್ಟಿ ಮಾತ್ರ ಎಲ್ಲಕ್ಕಿಂತ ಕೊನೆಗೆ ಬಡಿಯುತ್ತೇನೆ. ಅದು ಹಂಚಿನಿಂದ ನೇರ ಅವರ ತಾಟಿಗೆ. ಆಮೇಲೆ ಒಲೆ ಆರಿಸಿ ನಾನು ಕೂರುತ್ತೇನೆ. ಆಮೇಲೆ ಪ್ರಾರ್ಥನೆ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ಕೊನೆಯ ರೊಟ್ಟಿಯನ್ನೇ ತಿಂದು ಬಂದ ಹೆಂಗಸು ಈಗಲೂ ಕೊನೆಯ ರೊಟ್ಟಿಯನ್ನೇ ತಿನ್ನುತ್ತಾರೆ. ಆದರೆ ಮನೆಯಲ್ಲಿ ಬಿಸಿ ಇರುವುದು ಅದೊಂದೇ. ಅವರಿಗೆ ಇದು ಅರ್ಥ ಆಗಿದೆ ಅಂತ ನನಗೆ ಗೊತ್ತು, ಯಾಕೆಂದರೆ ನೆಂಟರು ಬಂದಾಗ ಅದನ್ನು ಹೇಳಿಕೊಳ್ಳುತ್ತಾರೆ. ನನ್ನೆದುರು ಮಾತ್ರ "ಉಪ್ಪು ಕಮ್ಮಿ ಆಗ್ಯಾದ" ಅನ್ನುತ್ತಾರೆ.

ಮಗ ಹೈಸ್ಕೂಲಿನಲ್ಲಿದ್ದಾನೆ. ಅವನಿಗೆ ರೊಟ್ಟಿ ಬಡಿಯಲು ಕಲಿಸುತ್ತಿದ್ದೇನೆ. ಲೆಮೂವೇಲನ ತಾಯಿಯ ದಾರಿ ಅಂತ ನಾನು ತಮಾಷೆ ಮಾಡುತ್ತೇನೆ, ಅವನಿಗೆ ನಗು ಬರಲ್ಲ. ಮೊದಮೊದಲು ಅತ್ತೆ, "ಗಂಡಸ್ಮಗನ ಕೈಲಿ ರೊಟ್ಟಿ ಬಡಸ್ಲತ್ತೀದೇನು? ಓಣಿ ಮಂದಿ ಏನಂದಾರು?" ಅಂದರು. ಅವನೇ ಉತ್ತರ ಕೊಟ್ಟ. "ಆಯಿ, ಢಾಬಾದಾಗ ಮಾಡಾವ್ರೆಲ್ಲ ಗಂಡಸ್ರೇ ಅದಾರ." ಅವನ ರೊಟ್ಟಿ ಇನ್ನೂ ದುಂಡಗೆ ಬರುವುದಿಲ್ಲ, ಒಂದು ಕಡೆ ದಪ್ಪ, ಒಂದು ಕಡೆ ಹರಕು. ಆದರೆ ನೀರು ಸವರಿ ತಿರುವುವ ಹೊತ್ತು ಮಾತ್ರ ಸರಿಯಾಗಿ ಹಿಡಿದಿದ್ದಾನೆ. ಅದು ನನಗೆ ಬರಲು ಬಹಳ ಕಾಲ ಬೇಕಾಗಿತ್ತು.

ಯೋಹಾನನ ಸುವಾರ್ತೆಯ ಕೊನೆಯ ಅಧ್ಯಾಯ ಓದುವಾಗೆಲ್ಲ ನನಗೆ ಮಗ ನೆನಪಾಗುತ್ತಾನೆ. ಶಿಷ್ಯರು ರಾತ್ರಿಯಿಡೀ ಬಲೆ ಬೀಸಿದರೂ ಏನೂ ಸಿಗುವುದಿಲ್ಲ, ಬೆಳಗಾದಾಗ ದಡದಿಂದ ಯೇಸು ಹೇಳಿದ ಕಡೆ ಬೀಸಿದ ಮೇಲೆ ಬಲೆ ತುಂಬ ಮೀನು ಎಳೆದುಕೊಂಡು ದಡಕ್ಕೆ ಬರುತ್ತಾರೆ. ಅಲ್ಲಿ ಸತ್ತು ಎದ್ದುಬಂದ ಯೇಸು ಕೆಂಡ ಹಾಕಿಕೊಂಡು ಕೂತಿದ್ದಾನೆ. ಕೆಂಡದ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಬನ್ನಿ, ಉಣ್ಣಿ ಅನ್ನುತ್ತಾನೆ. ಅವರು ಹಿಡಿದ ಮೀನು ಎಣಿಸಿದರೆ 153 ಅಂತ ಬರೆದಿದೆ, ಆ ಸಂಖ್ಯೆಯ ಗುಟ್ಟೇನು ಅಂತ ದೊಡ್ಡ ದೊಡ್ಡವರು ತಲೆ ಕೆಡಿಸಿಕೊಂಡಿದ್ದಾರೆ. ನನ್ನ ತಲೆಯಲ್ಲಿ ಬೇರೆ ಪ್ರಶ್ನೆ. ಆ ನಸುಕಿನಲ್ಲಿ ಕಟ್ಟಿಗೆ ಆರಿಸಿದ್ದು, ಊದಿ ಊದಿ ಕೆಂಡ ಮಾಡಿದ್ದು, ಮೀನು ಹಸನು ಮಾಡಿದ್ದು, ಎಲ್ಲ ಅವನೇ ತಾನೆ? ಮರಣವನ್ನು ಗೆದ್ದವನು ಬೆಳಗಿನ ನಾಷ್ಟಾ ಮಾಡಿಟ್ಟು ದುಡಿದು ಬಂದವರನ್ನು ಕರೆಯುತ್ತಾನೆ. ಆ ಅಧ್ಯಾಯವನ್ನು ತಂದೆಯಂದಿರ ದಿನಕ್ಕೆ ಓದಿದರೆ ಹೇಗೆ ಅಂತ ಆಗಾಗ ಅನ್ನಿಸುತ್ತದೆ.

ಮಾರ್ಥ ಮರಿಯರ ಕಥೆಯನ್ನು ಎಲ್ಲರೂ ಹೇಳುತ್ತಾರೆ, ಹಾಗಾಗಿ ಬೇಗ ಮುಗಿಸುತ್ತೇನೆ. ತಂಗಿ ಮರಿಯ ಯೇಸುವಿನ ಮಾತು ಕೇಳುತ್ತಾ ಕೂತಾಗ ಅಡುಗೆಯಲ್ಲಿ ಮುಳುಗಿದ ಮಾರ್ಥಳನ್ನು ಯೇಸು ಗದರಿದ, ನಿಜ. ಆದರೆ ಅದೇ ಮಾರ್ಥ ಯೋಹಾನ 11ರಲ್ಲಿ, ತಮ್ಮನನ್ನು ಕಳೆದುಕೊಂಡ ದುಃಖದಲ್ಲಿ, ನೀನೇ ಬರಬೇಕಾದ ಕ್ರಿಸ್ತ, ದೇವಕುಮಾರ ಅಂತ ಅರಿಕೆ ಮಾಡುತ್ತಾಳೆ. ಪೇತ್ರ ಇಂಥದ್ದೇ ಮಾತು ಹೇಳಿದ್ದಕ್ಕೆ ಎಷ್ಟು ಪ್ರಸಂಗ! ಮಾರ್ಥಳನ್ನು ಮಾತ್ರ ನಾವು ಪಾತ್ರೆಗಳ ಹತ್ತಿರವೇ ಬಿಟ್ಟು ಬಂದಿದ್ದೇವೆ.

ಮೆಥೋಡಿಸ್ಟರ ಮನೆಯಲ್ಲಿ ಸುಸಾನಾ ವೆಸ್ಲಿಯ ಹೆಸರು ಬರದಿದ್ದರೆ ಹೇಗೆ. ಮೆಥೋಡಿಸ್ಟ್ ಪಂಗಡ ಶುರುಮಾಡಿದ ಜಾನ್ ವೆಸ್ಲಿಯ ತಾಯಿ, 1669ರಿಂದ 1742ರವರೆಗೆ ಇಂಗ್ಲೆಂಡಿನಲ್ಲಿ ಬದುಕಿದ್ದವಳು. 19 ಹೆರಿಗೆ. ಉಳಿದದ್ದು 10 ಮಕ್ಕಳು. ಗಂಡ ಸಾಮುವೇಲ್ ಪಾದ್ರಿ, ಸಾಲಕ್ಕೆ ಸಿಕ್ಕಿ ಜೈಲಿಗೂ ಹೋಗಿ ಬಂದವನು. 1709ರಲ್ಲಿ ಮನೆಗೆ ಬೆಂಕಿ ಬಿದ್ದು ಎಲ್ಲ ಸುಟ್ಟುಹೋಯಿತು. ಪ್ರಾರ್ಥನೆಗೆ ಜಾಗ ಇಲ್ಲದಾಗ ಅಡುಗೆಯ ಏಪ್ರನ್ನನ್ನೇ ತಲೆ ಮೇಲೆ ಎಳೆದುಕೊಂಡು ಕೂರುತ್ತಿದ್ದಳು, ಆಗ ಮಕ್ಕಳು ಮಾತಾಡಿಸಬಾರದಿತ್ತು ಅಂತ ಒಂದು ಕಥೆ ಇದೆ. ಸಂಡೇ ಸ್ಕೂಲಿನಲ್ಲಿ ಇದನ್ನೇ ಹೇಳಿಕೊಡುತ್ತಾರೆ. ನಾನೂ ಸೆರಗು ಎಳೆದುಕೊಂಡು ನೋಡಿದ್ದೇನೆ. ನನ್ನ ಮಕ್ಕಳು ಸೆರಗಿನ ಒಳಗೇ ಬಂದುಬಿಟ್ಟರು.

ನನಗೆ ಬೇಕಾದ ಸುಸಾನಾ ಬೇರೆ. ಗಂಡ 1711-12ರ ಚಳಿಗಾಲದಲ್ಲಿ ಲಂಡನ್ನಿನಲ್ಲಿದ್ದಾಗ ಅವಳು ಭಾನುವಾರ ಸಂಜೆ ಮನೆಯಲ್ಲೇ ಮಕ್ಕಳಿಗೆ, ಆಳುಗಳಿಗೆ ಪ್ರಸಂಗ ಓದಲು ಶುರುಮಾಡಿದಳು. ಅಕ್ಕಪಕ್ಕದವರು ಬಂದರು. ಬರಬರುತ್ತಾ ಇನ್ನೂರು ಜನ ಆದರು. ಗಂಡನಿಗೆ ದೂರು ಹೋಯಿತು. ಹೆಂಗಸು ಹೀಗೆ ಮಾಡುವುದು ಚೆನ್ನಾಗಿರಲ್ಲ, ನಿಲ್ಲಿಸು ಅಂತ ಅವನು ಪತ್ರ ಬರೆದ. ಅವಳ ಉತ್ತರದ ತಾತ್ಪರ್ಯ ಇಷ್ಟು. ನಿಲ್ಲಿಸಲೇಬೇಕು ಅಂದರೆ ಸುಮ್ನೆ ಸಲಹೆ ಕೊಡಬೇಡಿ, ಸ್ಪಷ್ಟವಾಗಿ ಆಜ್ಞೆ ಮಾಡಿ, ನ್ಯಾಯತೀರ್ಪಿನ ದಿನ ಹೊಣೆ ನನ್ನದಾಗಬಾರದು. ಪಾದ್ರಿ ಆಮೇಲೆ ಒತ್ತಾಯ ಮಾಡಲಿಲ್ಲ.

ಇನ್ನೊಂದು ಅವಳ ಮನೆಯ ನಿಯಮ, ಮಗ ಜಾನ್‌ಗೆ ಬರೆದ ಪತ್ರದಲ್ಲಿದೆ. ಹುಡುಗಿಗೆ ಚೆನ್ನಾಗಿ ಓದಲು ಬರುವ ತನಕ ಕೆಲಸ ಕಲಿಸಬಾರದು. ಕೆಲಸ ಅಂದರೆ ಹೊಲಿಗೆ. ಓದು ಬರುವ ಮುಂಚೆಯೇ ಸೂಜಿ ಕೊಡುವುದರಿಂದಲೇ ಹೆಂಗಸರು ಓದಿನಲ್ಲಿ ಹಿಂದೆ ಬೀಳುತ್ತಾರೆ ಅಂತ ಕಾರಣವನ್ನೂ ಕೊಟ್ಟಿದ್ದಾಳೆ. ಮುನ್ನೂರು ವರ್ಷದ ಹಿಂದಿನ ತಾಯಿಯ ಮಾತು! ನಮ್ಮ ಕಡೆ ಹತ್ತನೇ ಕ್ಲಾಸಿನ ಹುಡುಗಿಗೆ ಪರೀಕ್ಷೆಯ ಮುಂಜಾನೆಯೂ ಕಸ ಹೊಡೆಯಲು ಹೇಳುವ ಮನೆಗಳು ಇನ್ನೂ ಇವೆ. ನನ್ನ ಮಗಳಿಗೆ ರೊಟ್ಟಿ ಕಲಿಸುವ ಅವಸರ ನನಗಿಲ್ಲ. "ಅಣ್ಣ ಬಡೀಲತ್ತಾನ, ನಾ ಯಾವಾಗ?" ಅಂತ ಕೇಳುತ್ತಾಳೆ. ಮೊದಲು ಆ ಕಥೆ ಪುಸ್ತಕ ಮುಗಿಸು ಅನ್ನುತ್ತೇನೆ.

ಹಾಗಂತ ಸುಸಾನಾಳದ್ದೆಲ್ಲ ನನಗೆ ಒಪ್ಪಿಗೆ ಅಂತಲ್ಲ. ಮಕ್ಕಳಿಗೆ ಒಂದು ವರ್ಷ ತುಂಬುವ ಹೊತ್ತಿಗೇ ಬೆತ್ತದ ಭಯ ಹುಟ್ಟಿಸಿ, ಸದ್ದಿಲ್ಲದೆ ಅಳುವುದನ್ನು ಕಲಿಸುತ್ತಿದ್ದೆ ಅಂತ ಅದೇ ಪತ್ರದಲ್ಲಿ ಬರೆದಿದ್ದಾಳೆ. ಅದು ನನ್ನ ಮನೆಗೆ ಬೇಡ. ಬೇಕಾದದ್ದು ವಾರದ ಲೆಕ್ಕ. ಪ್ರತಿ ಮಗುವಿಗೂ ವಾರದಲ್ಲಿ ಒಂದು ಸಂಜೆ ತೆಗೆದಿಟ್ಟಿದ್ದಳು, ಆ ಮಗುವಿನ ಜೊತೆ ಮಾತ್ರ ಮಾತು. ಜಾನ್‌ನದು ಗುರುವಾರ. ದೊಡ್ಡವನಾದ ಮೇಲೂ ಆ ಗುರುವಾರಗಳನ್ನು ಅವನು ಪತ್ರದಲ್ಲಿ ನೆನೆಸಿಕೊಂಡಿದ್ದಾನೆ. ನಮ್ಮ ಮನೆಯಲ್ಲಿ ಸಂಜೆಗಳು ಹಾಗೆ ಸಾಲಾಗಿ ನಿಲ್ಲುವುದಿಲ್ಲ. ತೊಗರಿಬೇಳೆ ಹಸನು ಮಾಡುವಾಗ ಒಬ್ಬರನ್ನೇ ಕರೆಯುತ್ತೇನೆ. ಮೊರದಲ್ಲಿ ಬೇಳೆ ಹರಡಿ, ಎದುರುಬದುರು ಕೂತು, ಹರಳು ಆರಿಸುತ್ತಾ. ಕಣ್ಣು ಬೇಳೆಯ ಮೇಲೆ ಇರುವುದರಿಂದ ಮಕ್ಕಳ ಬಾಯಿ ಸಲೀಸಾಗಿ ಬಿಚ್ಚುತ್ತದೆ. ಕ್ಲಾಸಿನಲ್ಲಿ ಯಾರು ಮಾತು ಬಿಟ್ಟಿದ್ದಾರೆ, ದೇವರು ನಿಜವಾಗಲೂ ಕೇಳಿಸಿಕೊಳ್ಳುತ್ತಾನಾ, ಅಜ್ಜನನ್ನು ಯಾಕೆ ವಾಸಿ ಮಾಡಲಿಲ್ಲ. ಕೊನೆಯದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಬೇಳೆ ಆರಿಸುತ್ತಾ ಹಾಗೇ ಹೇಳಿದೆ. ಅದಕ್ಕೂ ಮಗ ತಲೆಯಾಡಿಸಿದ.

ದುಡ್ಡಿನ ಮಾತು ಬರೆಯದಿದ್ದರೆ ಈ ಬರಹ ಅರ್ಧ ಸುಳ್ಳಾಗುತ್ತದೆ. ಅಜ್ಜಿಯ ಹತ್ತಿರ ಸ್ವಂತ ದುಡ್ಡು ಅಂತ ಇರಲಿಲ್ಲ. ಆದರೆ ಬೀಸಲು ಜೋಳ ತೆಗೆದಾಗೆಲ್ಲ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದಳು. ಅದು ಚರ್ಚಿನ ಪಾಲು. ಸುಗ್ಗಿ ಹಬ್ಬಕ್ಕೆ ಆ ಜೋಳ ಹೊತ್ತುಕೊಂಡು ಹೋಗುತ್ತಿದ್ದಳು, ಅಲ್ಲಿ ಲಿಲಾವ್ ಆಗುತ್ತಿತ್ತು. ಮಿಜೋರಾಮಿನ ಕ್ರೈಸ್ತ ಹೆಂಗಸರು ಇದೇ ತರಹ ಅಡುಗೆಗೆ ಅಕ್ಕಿ ತೆಗೆದಾಗ ಒಂದು ಹಿಡಿ ಎತ್ತಿಡುವುದನ್ನು 1910ರಲ್ಲಿ ಶುರುಮಾಡಿ ಈಗಲೂ ನಡೆಸಿಕೊಂಡು ಬಂದಿದ್ದಾರೆ, ಅದರಿಂದ ಅಲ್ಲಿನ ಸಭೆಗಳಿಗೆ ಕೋಟಿಗಟ್ಟಲೆ ಬರುತ್ತದೆ. ಓದಿದಾಗ ಅಜ್ಜಿಯ ಗಡಿಗೆ ಕಣ್ಣ ಮುಂದೆ ಬಂತು. ದುಡ್ಡಿಲ್ಲದ ಹೆಂಗಸು ಕೂಡ ಕೊಡುವವಳಾಗಬೇಕು ಅಂತ ಹುಡುಕಿಕೊಂಡ ದಾರಿ ಅದು. ಆದರೆ ಆ ಹಿಡಿ ಯಾರ ಹೊಟ್ಟೆಯಿಂದ ಬರುತ್ತಿತ್ತು ಅಂತ ಯಾರೂ ಕೇಳಲಿಲ್ಲ. ಕೊನೆಗೆ ಉಣ್ಣುವವಳ ಪಾಲಿನಿಂದಲೇ ತಾನೆ?

ನನ್ನ ಖಾತೆಗೆ ಈಗ ಗೃಹಲಕ್ಷ್ಮಿಯ 2,000 ರೂಪಾಯಿ ಬರುತ್ತದೆ. 2023ರ ಆಗಸ್ಟಿನಲ್ಲಿ ಶುರುವಾದ ಯೋಜನೆ. ಒಂದೊಂದು ಸಲ ತಡವಾಗುತ್ತದೆ, ಬರುತ್ತದೆ. ನಮ್ಮ ಮಹಿಳಾ ಸಭೆಯಲ್ಲಿ ಇದರ ಮೇಲೆ ದೊಡ್ಡ ಚರ್ಚೆಯೇ ನಡೆಯಿತು. ಇದಕ್ಕೆ ದಶಮಾಂಶ, ಅಂದರೆ ಚರ್ಚಿಗೆ ಹತ್ತರಲ್ಲಿ ಒಂದು ಪಾಲು, ಕೊಡಬೇಕಾ? ಸರ್ಕಾರದ ದುಡ್ಡು, ದುಡಿಮೆ ಅಲ್ಲ ಅಂದರು ಒಬ್ಬರು. ದುಡಿಮೆ ಅಲ್ಲ ಅಂದರೆ ನಾವು ಬೆಳಗಿನಿಂದ ಮಾಡುವುದೇನು ಅಂದರು ಇನ್ನೊಬ್ಬರು. ನಾನು ಇನ್ನೂರು ಕೊಡುತ್ತೇನೆ. ಗಂಡನನ್ನು ಕೇಳಿ ಕೊಡುವುದಿಲ್ಲ, ಕೊಟ್ಟು ಹೇಳುತ್ತೇನೆ. ಉಳಿದದ್ದರಲ್ಲಿ ಸ್ವಲ್ಪ ಮಗಳ ಪುಸ್ತಕಕ್ಕೆ, ಸ್ವಲ್ಪ ಸಂಘದ ಕಂತಿಗೆ. ಕಾಣಿಕೆ ಚೀಲ ಸಾಲಿನಲ್ಲಿ ಬರುವಾಗ ಗಂಡ ಕೈಗಿಟ್ಟ ನೋಟನ್ನು ಹಾಕುವುದಕ್ಕೂ ನನ್ನದನ್ನು ಹಾಕುವುದಕ್ಕೂ ವ್ಯತ್ಯಾಸ ಇದೆ. ಬಡ ವಿಧವೆಯ ಎರಡು ಕಾಸನ್ನು ಯೇಸು ಅಷ್ಟು ದೊಡ್ಡದು ಮಾಡಿ ಹೇಳಿದ್ದು ಅವಳ ಹತ್ತಿರ ಇದ್ದದ್ದೆಲ್ಲ ಅದೇ ಅಂತ, ಆದರೆ ಅವು ಅವಳವೇ ಆಗಿದ್ದವು.

ರಾತ್ರಿಯ ವಿಷಯ ಸ್ವಲ್ಪ. ಬೇಸಿಗೆಯಲ್ಲಿ ನಮ್ಮ ಓಣಿಯ ನಳಕ್ಕೆ ನೀರು ಯಾವ ಹೊತ್ತಿಗೆ ಬರುತ್ತದೆ ಅಂತ ಹೇಳಲು ಬರುವುದಿಲ್ಲ. ಸರಿರಾತ್ರಿಯಲ್ಲಿ ಪೈಪು ಗೊರಗೊರ ಅಂದರೆ ಎದ್ದು ಡ್ರಮ್ಮು, ಕೊಡ, ಬಕೆಟು ಎಲ್ಲ ತುಂಬಬೇಕು. ಆಗ ಬಾಯಿಪಾಠ ಇರುವ 121ನೇ ಕೀರ್ತನೆ ಹೇಳಿಕೊಳ್ಳುತ್ತೇನೆ. ಕಣ್ಣೆತ್ತಿ ಪರ್ವತಗಳ ಕಡೆ ನೋಡುತ್ತೇನೆ ಅಂತ ಅದು ಶುರುವಾಗುತ್ತದೆ. ನಮ್ಮ ಬೀದರಿನಲ್ಲಿ ಕಣ್ಣೆತ್ತಿದರೆ ಯಾವ ಪರ್ವತವೂ ಕಾಣಲ್ಲ. ಊರೇ ಎತ್ತರದ ಬಯಲಿನ ಮೇಲೆ ಕೂತಿದೆ, ನೀರಿನ ಟಾಕಿಯೊಂದು ಕಾಣುತ್ತದೆ. ಆದರೂ ಮುಂದಿನ ವಚನಗಳು ಬೇಕು. ನಿನ್ನನ್ನು ಕಾಯುವವನು ತೂಕಡಿಸುವುದಿಲ್ಲ, ನಿದ್ರಿಸುವುದಿಲ್ಲ. ಸರಿ, ಅವನು ಎಚ್ಚರ ಇದ್ದಾನೆ ಅಂದರೆ ನಾನು ಹೋಗಿ ಮಲಗಬಹುದು ಅಂತ ನನ್ನ ಅರ್ಥ. ದೇವರು ಎಚ್ಚರ ಇದ್ದಾನೆ, ಆದ್ದರಿಂದ ನೀನೂ ಎಚ್ಚರ ಇರು ಅಂತ ನನಗೆ ಯಾರೂ ಪ್ರಸಂಗ ಮಾಡಬೇಡಿ. ಕೊಡ ತುಂಬುವ ಸರದಿ ಈಗ ನನಗೂ ನಮ್ಮ ಮನೆಯವರಿಗೂ ಇದೆ. ಅವರು ಎದ್ದ ರಾತ್ರಿ ನಾನು ಕೀರ್ತನೆಯನ್ನೂ ಹೇಳುವುದಿಲ್ಲ, ಗಾಢ ನಿದ್ದೆ.

ಎಲ್ಲ ಸರಿಹೋಗಿದೆ ಅಂತ ತಿಳಿಯಬೇಡಿ. ನಾವು ನಾಲ್ಕೈದು ಜನ ಕೂತಾಗ ನಡೆಯುವ ನಿಯಮ ನೆಂಟರು ಬಂದರೆ ನಡೆಯುವುದಿಲ್ಲ. ಕ್ರಿಸ್ಮಸ್‌ಗೆ ಗಂಡನ ಕಡೆಯವರೆಲ್ಲ ಇಲ್ಲಿಗೇ ಬರುತ್ತಾರೆ. ಹೈದರಾಬಾದಿನಿಂದ ಭಾವ, ಹುಮನಾಬಾದಿನಿಂದ ನಾದಿನಿ, ಅವರ ಮಕ್ಕಳು. ಕರ್ಚಿಕಾಯಿ, ಚಕ್ಕುಲಿ ಹಿಂದಿನ ವಾರವೇ ಆಗಿರುತ್ತವೆ, ಓಣಿಯ ಎಲ್ಲ ಮನೆಗಳಿಗೂ ತಾಟು ಹೋಗುತ್ತದೆ. ಪಕ್ಕದ ಮನೆಯ ಆಪಾ ನಮ್ಮ ತಾಟು ಖಾಲಿ ಕಳಿಸಿದ್ದಿಲ್ಲ. ಎದುರಿನ ಮನೆಯ ಕಾಕು ಎಳ್ಳಾಮಾಸಿಗೆ ಭಜ್ಜಿ, ಸಜ್ಜಿ ರೊಟ್ಟಿ ಕಳಿಸಿ ಲೆಕ್ಕ ಸರಿ ಮಾಡುತ್ತಾರೆ. ಅಜ್ಜಿಗೆ ಬೊಗಸೆಗೆ ನೀರು ಸುರಿದ ಕಾಲದಿಂದ ನಾವು ಇಷ್ಟು ದೂರ ಬಂದಿದ್ದೇವೆ. ಆದರೆ ಆ ದಿನ ಚರ್ಚಿನಿಂದ ಬಂದ ಮೇಲೆ ಮೊದಲ ಪಂಕ್ತಿಯಲ್ಲಿ ಕೂರುವವರು ಗಂಡಸರೇ. ಭಾವನ ಮುಂದೆ ನಾನು ಕೊರಿಂಥದ ಪತ್ರ ತೆಗೆಯಲು ಆಗುತ್ತಾ?

ಹೋದ ತಿಂಗಳು ಭಾವ ಬಂದಿದ್ದಾಗ ಮಗನೇ ರೊಟ್ಟಿ ಬಡಿದು ಬಡಿಸಿದ. ಭಾವ ಏನೂ ಅನ್ನಲಿಲ್ಲ. ಹರಿದ ರೊಟ್ಟಿಯನ್ನೂ ತಿಂದರು. ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತಾ, "ಈ ಸಲ ಕ್ರಿಸ್ಮಸ್‌ಗೆ ನೀವೆಲ್ಲ ಹೆಣ್ಮಕ್ಕಳು ಮೊದಲು ಕೂಡ್ರಿ, ನಾವು ಬಡಸ್ತೀವಿ" ಅಂದರು. ಅತ್ತೆ ನನ್ನ ಮುಖ ನೋಡಿದರು. ನಾನು "ಆಯ್ತ್ರಿ ಭಾವ" ಅಂದೆ. ಬಾಂಡೆ ತಿಕ್ಕುವ ಮಾತನ್ನು ಡಿಸೆಂಬರ್ ಹತ್ತಿರ ಬಂದ ಮೇಲೆ ಎತ್ತಬೇಕು.